ಶ್ವಿತ್ರದ ಕಾರಣವಿಚಾರ

ನೋವನ್ನಾಗಲಿ ಪ್ರಾಣಾಪಾಯವನ್ನಾಗಲಿ ತರದೆ ಮನುಷ್ಯನ ಬಾಳನ್ನು ಮಾತ್ರ ಅತಿಯಾಗಿ ಕೆಡಿಸುವ ಚರ್ಮರೋಗವು ಯಾವುದೆಂದರೆ, ಕನ್ನಡದಲ್ಲಿ ತೊನ್ನು ಎಂದೂ, ಸಂಸ್ಕೃತದಲ್ಲಿ ಶ್ವಿತ್ರ ಅಥವಾ ಕಿಲಾಸವೆಂದೂ, ಪಾಶ್ಚಾತ್ಯ ವೈದ್ಯಗ್ರಂಥಗಳಲ್ಲಿ ವಿಟಿಲೈಗೊ ಎಂದೂ ಕರೆಯಲ್ಪಡುವ ರೋಗವೇ ಸರಿ. ಚರ್ಮವು ಅಲ್ಲಲ್ಲಿ ತನ್ನ ಸಹಜವರ್ಣವನ್ನು ಕಳೆದುಕೊಂಡು ಹಾಲಿನಂತೆ ಬೆಳ್ಳಗಾಗುವುದು ಇದರ ಲಕ್ಷಣ. ಸ್ಪರ್ಶಜ್ಞಾನವು ಕೆಡುವುದಿಲ್ಲ, ವ್ರಣವಾಗುವುದಿಲ್ಲ, ಅವಯವಗಳು ಕ್ಷಯಿಸುವುದಿಲ್ಲ. ಜಗತ್ತಿನಲ್ಲಿ ಇನ್ನೂರು ಜನರಿಗೊಬ್ಬರಿಂದ ನೂರು ಜನರಿಗೊಬ್ಬರವರೆಗೆ ಈ ರೋಗವಿರುವುದೆಂದು ಲೆಕ್ಕಹಾಕಿದ್ದಾರೆ. ಆದರೂ ಒಂದು ಮನೆಯಲ್ಲಿ ಒಬ್ಬ ಹುಡುಗಿಯ ತುಟಿಯ ಅಂಚಿನಲ್ಲಿ ಬಿಳಿಯ ಕಲೆಯೊಂದು ಕಾಣಿಸಿದರೆ, ಆಕೆಯ ವಿವಾಹವೂ ಅವಳ ಒಡಹುಟ್ಟಿದವರ ವಿವಾಹವೂ ನಿಂತುಹೋಗುವುದುಂಟು. ಇದಕ್ಕೆ ಹೇತುವಾದ ನಂಬಿಕೆಗಳು ಎರಡು. ಇದು ಕುಷ್ಠದ ಒಂದು ಭೇದವಾದ್ದರಿಂದ ಅಂಟುವುದೆಂಬುದು ಒಂದು. ಪಾಪದ ಫಲವೆಂಬುದು ಇನ್ನೊಂದು. ಈ ನಂಬಿಕೆಗಳು ಹೇಗೆ ಬಂದವು, ರೋಗದ ಕಾರಣವನ್ನು ಕುರಿತು ಹಿಂದಿನವರು ಏನೆಂದು ಭಾವಿಸಿದ್ದರು, ಈಗ ಏನು ತಿಳಿದುಬಂದಿದೆ ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ನಮ್ಮ ವಾಙ್ಮಯದಲ್ಲಿ ಈ ರೋಗದ ಅತಿ ಪ್ರಾಚೀನವಾದ ಉಲ್ಲೇಖವು ಅಥರ್ವವೇದದ ಮೊದಲನೆಯ ಕಾಂಡದ ೨೩ ಮತ್ತು ೨೪ನೆಯ ಸೂಕ್ತಗಳಲ್ಲಿ ದೊರೆಯುವುದು. ಅಲ್ಲಿ ಋಷಿಯು ರಾತ್ರಿಯಲ್ಲಿ ಹುಟ್ಟಿದ ಕಪ್ಪು ಬಣ್ಣದ ಓಷಧಿಯೊಂದನ್ನು ಸಂಬೋಧಿಸಿ, ಕಿಲಾಸಕ್ಕೂ ನರೆತ ಕೂದಲಿಗೂ ತನ್ನ ಬಣ್ಣವನ್ನು ಕೊಡೆಂದು ಬೇಡುತ್ತಾನೆ. ಚರ್ಮದ ಬಿಳುಪನ್ನೂ ಕೂದಲಿನ ಬಿಳುಪನ್ನೂ ಒಂದೇ ವರ್ಗಕ್ಕೆ ಸೇರಿಸಿರುವುದು ಗಮನಾರ್ಹವಾಗಿದೆ. ಎರಡು ಕಡೆಗಳಲ್ಲಿಯೂ ಬಣ್ಣವನ್ನು ಕೊಡತಕ್ಕ ಜೀವಕೋಶಗಳು ಒಂದೇ ಜಾತಿಯವೆಂದು ಇಂದಿನ ಶಾಸ್ತ್ರವೂ ಹೇಳುತ್ತದೆ. ಕಾರಣದ ವಿಷಯವಾಗಿಯೂ ಅಲ್ಲಿ ಒಂದು ಮಾತು ಬಂದಿದೆ. ಎಲುಬಿನಿಂದ ಹುಟ್ಟಿದ್ದು, ದೇಹದಿಂದ ಹುಟ್ಟಿದ್ದು, ದೂಷಿಯಿಂದ, ಎಂದರೆ ಹೊರಗಿನ ಕೇಡಿನಿಂದ, ಮಾಡಲ್ಪಟ್ಟದ್ದು ಎಂದು ಕಿಲಾಸವನ್ನು ವಿಂಗಡಿಸಿದ್ದಾರೆ. ರೋಗಿಯು ಪಾಪಮಾಡಿದನೆಂಬ ಆರೋಪವು ಈ ಎರಡು ಸೂಕ್ತಗಳಲ್ಲಿ ಎಲ್ಲಿಯೂ ಇಲ್ಲ.

ಆದರೆ ಚರ್ಮದೋಷವುಳ್ಳವನನ್ನು ಸಮಾಜವು ಹೇಗೆ ಕಾಣುತ್ತಿದ್ದಿತೆಂಬುದಕ್ಕೆ ದೇವಾಪಿಯ ಕಥೆಯು ನಿದರ್ಶನವಾಗಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವಂತೆ, ಕುರುವಂಶದ ಪ್ರತೀಪ ಮಹಾರಾಜನಿಗೆ ದೇವಾಪಿ, ಬಾಹ್ಲೀಕ, ಶಂತನು ಎಂಬ ಮೂವರು ಮಕ್ಕಳು. ಹಿರಿಯನಾದ ದೇವಾಪಿಯು ಸತ್ಯಸಂಧನೂ ಪ್ರಜೆಗಳಿಗೆ ಅತ್ಯಂತ ಪ್ರಿಯನೂ ಆಗಿದ್ದನು, ಆದರೆ ತ್ವಗ್ದೋಷವುಳ್ಳವನಾಗಿದ್ದನು. ಪಟ್ಟಾಭಿಷೇಕಕ್ಕೆ ಸಕಲವೂ ಸಿದ್ಧವಾದ ಮೇಲೆ, ಅಂಗಹೀನನಾದ ಅರಸನನ್ನು ದೇವತೆಗಳು ಮೆಚ್ಚರೆಂದು ಹೇಳಿ, ಬ್ರಾಹ್ಮಣರೂ ವೃದ್ಧರೂ ಪೌರಜಾನಪದರೊಡಗೂಡಿ ಅಭಿಷೇಕವನ್ನು ತಡೆದರು. ತಂದೆಯು ಕಣ್ಣೀರಿಟ್ಟು ಕೊರಗಿದನು. ಮಗನು ಅರಣ್ಯಕ್ಕೆ ಹೊರಟುಹೋದನು. ಈ ಕಥೆಯನ್ನು ದುರ್ಯೋಧನನಿಗೆ ಹೇಳುವವನು ಧೃತರಾಷ್ಟ್ರನೆಂಬುದನ್ನು ವಾಚಕರು ನೆನೆಯಬೇಕು. ಕಣ್ಣಿಲ್ಲದ ಕಾರಣ ಅದೇ ನಿಯಮಕ್ಕೆ ಸಿಕ್ಕಿ ರಾಜ್ಯವನ್ನು ಕಳೆದುಕೊಂಡವನು ಅವನೇ. ಬೃಹದ್ದೇವತೆಯಲ್ಲಿ ಕಥೆಯು ಮುಂದುವರಿದು, ತಮ್ಮನಾದ ಶಂತನುವಿನ ರಾಜ್ಯದಲ್ಲಿ ಹನ್ನೆರಡು ವರ್ಷ ಮಳೆಯಾಗದಿರಲು, ದೇವಾಪಿಯೇ ಬಂದು ಪುರೋಹಿತನಾಗಿ ಯಜ್ಞವನ್ನು ನಡೆಸಿ ಮಳೆ ಬರಿಸಿದನೆಂದು ಹೇಳಿದೆ. ಋಗ್ವೇದದ ಹತ್ತನೆಯ ಮಂಡಲದ ೯೮ನೆಯ ಸೂಕ್ತವು ಅವನದೇ. ದೇವಾಪಿಯ ತ್ವಗ್ದೋಷವು ಶ್ವಿತ್ರವೇ ಎಂದು ಗ್ರಂಥಗಳು ಸ್ಪಷ್ಟವಾಗಿ ಹೇಳಿಲ್ಲ. ಆದರೂ ಅರಸನಾಗಲು ಅಡ್ಡಿಯಾದ ಚರ್ಮವು ಪುರೋಹಿತನಾಗಲು ಅಡ್ಡಿಯಾಗಲಿಲ್ಲವೆಂಬುದು ವಿಚಾರಾರ್ಹವಾಗಿದೆ.

ಆಯುರ್ವೇದದ ಆಚಾರ್ಯರಲ್ಲಿ ಚರಕನು ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವಾದ ಕುಷ್ಠಪ್ರಕರಣದ ಕೊನೆಯಲ್ಲಿ ಕಿಲಾಸವನ್ನು ವಿವರಿಸಿದ್ದಾನೆ. ದೋಷವು ರಕ್ತದಲ್ಲಿದ್ದರೆ ಕೆಂಪು, ಮಾಂಸದಲ್ಲಿದ್ದರೆ ತಾಮ್ರವರ್ಣ, ಮೇದಸ್ಸಿನಲ್ಲಿದ್ದರೆ ಬಿಳುಪು ಎಂಬುದು ಅವನ ವಿಭಾಗ. ಹೇತುವನ್ನು ಹೇಳುವಾಗ ಸುಳ್ಳಾಡುವುದು, ಕೃತಘ್ನತೆ, ದೇವನಿಂದೆ, ಗುರುಜನರ ತಿರಸ್ಕಾರ, ಪಾಪಕ್ರಿಯೆ, ಪೂರ್ವಜನ್ಮದ ಕರ್ಮ ಇವುಗಳನ್ನು ಎಣಿಸಿ, ಕೊನೆಗೆ ಪರಸ್ಪರ ವಿರುದ್ಧವಾದ ಆಹಾರವನ್ನೂ ಸೇರಿಸಿದ್ದಾನೆ. ಮೀನನ್ನೂ ಹಾಲನ್ನೂ ಕೂಡಿಸಿ ತಿಂದರೆ ತೊನ್ನು ಬರುವುದೆಂದು ಇಂದಿಗೂ ಜನರು ಆಡಿಕೊಳ್ಳುವ ಮಾತು ಈ ವಿರುದ್ಧಾಹಾರದ ವಿಚಾರದೊಡನೆ ಸಂಬಂಧಿಸಿದ್ದು. ಮನುಸ್ಮೃತಿಯಂತೂ ಪಾಪವನ್ನು ಇನ್ನೂ ನಿರ್ದಿಷ್ಟಪಡಿಸಿ, ಬಟ್ಟೆಯನ್ನು ಕದ್ದವನಿಗೆ ಶ್ವಿತ್ರವು ಬರುವುದೆಂದು ಹನ್ನೊಂದನೆಯ ಅಧ್ಯಾಯದಲ್ಲಿ ಹೇಳುತ್ತದೆ. ಮೂರನೆಯ ಅಧ್ಯಾಯದಲ್ಲಿ ಕ್ಷಯ, ಅಪಸ್ಮಾರ, ಕುಷ್ಠಗಳಿರುವ ಕುಲಗಳೊಡನೆ ಶ್ವಿತ್ರವಿರುವ ಕುಲದಿಂದಲೂ ಹೆಣ್ಣನ್ನು ತರಬಾರದೆಂದು ವಿಧಿಸುತ್ತದೆ. ವಿವಾಹದ ವಿಷಯದಲ್ಲಿ ನಮ್ಮ ಗೃಹಗಳಲ್ಲಿ ಕಾಣುವ ಭೀತಿಗೆ ಮೂಲವು ಇಷ್ಟು ಹಳೆಯದು.

ಹೀಗೆ ಹೇತುವಿನ ಮಾತಿನಲ್ಲಿ ಧರ್ಮಾಧರ್ಮಗಳನ್ನು ಬೆರೆಸಿದ ಅದೇ ಆಚಾರ್ಯರು ಕಣ್ಣಿಗೆ ಕಂಡುದನ್ನು ಬರೆಯುವಲ್ಲಿ ಬಹು ಸೂಕ್ಷ್ಮದರ್ಶಿಗಳಾಗಿದ್ದರು. ಕಿಲಾಸವು ಚರ್ಮದಲ್ಲಿ ಮಾತ್ರ ನಿಲ್ಲುವುದು, ಅದರಲ್ಲಿ ಸ್ರಾವವಿಲ್ಲ ಎಂದು ಸುಶ್ರುತನು ನಿದಾನಸ್ಥಾನದಲ್ಲಿ ಕುಷ್ಠದಿಂದ ಅದನ್ನು ಬೇರ್ಪಡಿಸಿದನು. ವಾಗ್ಭಟನು ಅಷ್ಟಾಂಗಹೃದಯದಲ್ಲಿ, ಕಲೆಯ ಮೇಲಿನ ರೋಮವು ಬೆಳ್ಳಗಾಗದೆ ಇದ್ದು, ಕಲೆಗಳು ಒಂದಕ್ಕೊಂದು ಕೂಡದೆ, ಹೊಸದಾಗಿದ್ದು, ಬೆಂಕಿಯಿಂದ ಸುಟ್ಟು ಆದುದಲ್ಲದಿದ್ದರೆ ಸಾಧ್ಯವೆಂದೂ, ಗುಹ್ಯಪ್ರದೇಶ, ಅಂಗೈ, ತುಟಿ ಇವುಗಳಲ್ಲಿ ಹುಟ್ಟಿದುದು ಹೊಸದಾದರೂ ಅಸಾಧ್ಯವೆಂದೂ ಬರೆದನು. ಈ ವಾಕ್ಯದ ಬೆಲೆಯು ಮುಂದೆ ತಿಳಿಯುವುದು.

ಕುಷ್ಠವೆಂಬ ಶಬ್ದವು ಆಯುರ್ವೇದದಲ್ಲಿ ವಿಶಾಲವಾದ ಅರ್ಥವುಳ್ಳದ್ದು. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು ಎಂದು ಎಣಿಸುವಾಗ ಹುಳುಕಡ್ಡಿಯೂ ತುರಿಯೂ ಅದರೊಳಗೇ ಸೇರಿಹೋಗುವುವು. ಕಾಲಕ್ರಮದಲ್ಲಿ ಆ ಶಬ್ದವು ಅಂಗಗಳನ್ನು ಕ್ಷಯಿಸುವ ಒಂದು ಘೋರರೋಗಕ್ಕೆ ಮಾತ್ರ ಮೀಸಲಾಯಿತು. ಹಾಗಾದ ಮೇಲೂ ಶ್ವಿತ್ರಕ್ಕೆ ಶ್ವೇತಕುಷ್ಠವೆಂಬ ಹೆಸರು ಉಳಿದುಕೊಂಡಿತು. ಶಬ್ದಾರ್ಥವು ಸಂಕುಚಿತವಾದುದರ ಫಲವನ್ನು ಅಸಂಖ್ಯಾತ ನಿರಪರಾಧಿಗಳು ಅನುಭವಿಸಬೇಕಾಯಿತು. ಬೌದ್ಧರ ಮಹಾವಗ್ಗದಲ್ಲಿ ಮಾತ್ರ ಕುಷ್ಠವನ್ನೂ ಕಿಲಾಸವನ್ನೂ ಬೇರೆಬೇರೆಯಾಗಿಯೇ ಹೇಳಿದೆ. ಇಂಥ ಐದು ರೋಗಗಳಿದ್ದವರಿಗೆ ಸಂಘದಲ್ಲಿ ಪ್ರವ್ರಜ್ಯೆ ಕೊಡಬಾರದೆಂಬ ನಿಯಮವು ಅಲ್ಲಿದೆ; ಅದಕ್ಕೆ ಕಾರಣವಾಗಿ ಹೇಳಿರುವುದು ಪಾಪವನ್ನಲ್ಲ. ಮಗಧದ ರೋಗಿಗಳು ಜೀವಕನೆಂಬ ವೈದ್ಯನ ಚಿಕಿತ್ಸೆಯನ್ನು ಪಡೆಯುವುದಕ್ಕಾಗಿಯೇ ಭಿಕ್ಷುಗಳಾಗತೊಡಗಿದ್ದರಿಂದ ಆ ನಿಯಮವು ಏರ್ಪಟ್ಟಿತಂತೆ.

ಇತರ ದೇಶಗಳಲ್ಲಿಯೂ ಇದೇ ಬಗೆಯ ಗೊಂದಲವಿದ್ದಿತು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು, ಪಾರಸೀಕರಲ್ಲಿ ಕುಷ್ಠವಾಗಲಿ ಬಿಳಿಯ ರೋಗವಾಗಲಿ ಬಂದವನು ಊರೊಳಗೆ ಬರುವಂತಿಲ್ಲವೆಂದೂ, ಅವನು ಸೂರ್ಯನಿಗೆ ಅಪರಾಧ ಮಾಡಿದ್ದಾನೆಂದು ಅವರು ಹೇಳುವರೆಂದೂ ಬರೆದಿದ್ದಾನೆ. ಯೆಹೂದ್ಯರ ಯಾಜಕಕಾಂಡದ ೧೩ನೆಯ ಅಧ್ಯಾಯದಲ್ಲಿ, ಕಲೆಯೊಳಗಿನ ಕೂದಲು ಬೆಳ್ಳಗಾಗಿದೆಯೇ ಎಂದು ಯಾಜಕನು ನೋಡಿ ಶುದ್ಧಾಶುದ್ಧವನ್ನು ನಿರ್ಣಯಿಸಬೇಕೆಂದಿದೆ. ಅಲ್ಲಿಯ ಹೀಬ್ರೂ ಶಬ್ದಕ್ಕೆ ಗ್ರೀಕಿನಲ್ಲಿ ಲೆಪ್ರ ಎಂದು ಅನುವಾದವಾದ್ದರಿಂದ, ಬಿಳಿಯ ಕಲೆಯುಳ್ಳವರೆಲ್ಲರೂ ಯೂರೋಪಿನಲ್ಲಿ ಕುಷ್ಠರೋಗಿಗಳ ಸಾಲಿಗೆ ಬೀಳುವಂತಾಯಿತು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಸೆಲ್ಸಸನು ವಿಟಿಲೈಗೊ ಎಂಬ ಹೆಸರನ್ನು ಬಳಸಿದನು. ಕಲೆಯನ್ನು ಸೂಜಿಯಿಂದ ಚುಚ್ಚಿದಾಗ ರಕ್ತ ಬಂದರೆ ಗುಣವಾಗುವುದೆಂದೂ, ಬಿಳಿಯ ದ್ರವ ಬಂದರೆ ಗುಣವಾಗದೆಂದೂ ಅವನ ಪರೀಕ್ಷೆ. ೧೮೭೩ರಲ್ಲಿ ನಾರ್ವೆ ದೇಶದ ವೈದ್ಯನಾದ ಹ್ಯಾನ್ಸೆನ್ನನು ಕುಷ್ಠರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದಾಗ ಈ ಸಾವಿರಾರು ವರ್ಷಗಳ ಸಂಕರವು ಶಾಸ್ತ್ರದ ಮಟ್ಟಿಗೆ ಕೊನೆಗೊಂಡಿತು. ಆ ಸೂಕ್ಷ್ಮಜೀವಿಯು ಶ್ವಿತ್ರದ ಕಲೆಯಲ್ಲಿ ಇಲ್ಲ. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನವು ನಷ್ಟವಾಗುವುದು. ಶ್ವಿತ್ರದ ಕಲೆಯಲ್ಲಿ ನಷ್ಟವಾಗದು. ಅಂಟುವುದೆಂಬ ಮಾತಿಗೆ ಅಂದಿನಿಂದ ಆಧಾರವೇ ಇಲ್ಲವಾಯಿತು.

ಕುಷ್ಠವಲ್ಲವಾದರೆ ಮತ್ತೇನು? ಇದಕ್ಕೆ ಉತ್ತರ ಹೇಳುವ ಮೊದಲು ಚರ್ಮಕ್ಕೆ ಬಣ್ಣವು ಎಲ್ಲಿಂದ ಬರುವುದೆಂಬುದನ್ನು ತಿಳಿಯಬೇಕು. ಹೊರಚರ್ಮದ ತಳದಲ್ಲಿ ಮೆಲನೊಸೈಟುಗಳೆಂಬ ವರ್ಣಜನಕ ಜೀವಕೋಶಗಳಿವೆ. ಅವು ಟೈರೋಸಿನ್ ಎಂಬ ದ್ರವ್ಯದಿಂದ ಟೈರೋಸಿನೇಸ್ ಎಂಬ ಕಿಣ್ವದ ಸಹಾಯದಿಂದ ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿ, ಸಣ್ಣ ಕಣಗಳ ರೂಪದಲ್ಲಿ ಸುತ್ತಲಿನ ಕೋಶಗಳಿಗೆ ಹಂಚುವುವು. ಕರಿಯರಲ್ಲಿಯೂ ಬಿಳಿಯರಲ್ಲಿಯೂ ಈ ಜೀವಕೋಶಗಳ ಸಂಖ್ಯೆಯು ಹೆಚ್ಚುಕಡಿಮೆ ಸಮಾನವೇ. ಕಣಗಳ ಗಾತ್ರ, ಪ್ರಮಾಣ, ಹಂಚಿಕೆಗಳಲ್ಲಿ ಮಾತ್ರ ಭೇದವಿದೆ. ೧೯೧೭ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೂನೋ ಬ್ಲಾಕನು ಡೋಪ ಎಂಬ ದ್ರವ್ಯದಿಂದ ಈ ಕೋಶಗಳನ್ನು ಕಪ್ಪಾಗಿಸಿ ಗುರುತಿಸುವ ವಿಧಾನವನ್ನು ಪ್ರಕಟಿಸಿದನು. ಆ ವಿಧಾನದಿಂದ ನೋಡಿದಾಗ ಶ್ವಿತ್ರದ ಕಲೆಯಲ್ಲಿ ಕೋಶಗಳು ಕಪ್ಪಾಗುವುದಿಲ್ಲ. ಅವು ಬರಿದೆ ಕೆಲಸ ನಿಲ್ಲಿಸಿರುವುದೂ ಅಲ್ಲ, ಅಲ್ಲಿಂದ ನಾಶವಾಗಿಯೇ ಹೋಗಿವೆಯೆಂದು ಮುಂದಿನ ಶೋಧನೆಗಳಿಂದ ಗೊತ್ತಾಯಿತು. ಆದ್ದರಿಂದ ಇವನ್ನು ಯಾವುದು ಕೊಲ್ಲುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಮೊದಲನೆಯ ಸುಳಿವು ಒಂದು ಚರ್ಮ ಹದಮಾಡುವ ಕಾರ್ಖಾನೆಯಿಂದ ಬಂದಿತು. ೧೯೩೯ರಲ್ಲಿ ಅಮೆರಿಕಾದೇಶದ ಅಂಥ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಅನೇಕರ ಕೈಗಳು ಬೆಳ್ಳಗಾದುವು. ಒಲಿವರ್, ಶ್ವಾರ್ಟ್ಸ್, ವಾರೆನ್ ಎಂಬುವರು ವಿಚಾರಿಸಿ, ಅವರು ತೊಡುತ್ತಿದ್ದ ರಬ್ಬರಿನ ಕೈಗವಸುಗಳಲ್ಲಿ ರಬ್ಬರು ಕೆಡದಂತೆ ಬೆರೆಸಿದ್ದ ಹೈಡ್ರೋಕ್ವಿನೋನಿನ ಮಾನೋಬೆಂಜೈಲ್ ಈಥರ್ ಎಂಬ ದ್ರವ್ಯವೇ ಕಾರಣವೆಂದು ಸಿದ್ಧಪಡಿಸಿದರು. ಅಥರ್ವಣದ ಋಷಿಯು ದೂಷಿಯೆಂದು ಕರೆದುದರ ಒಂದು ನಿಶ್ಚಿತವಾದ ರೂಪವು ಇಲ್ಲಿ ಕೈಗೆ ಸಿಕ್ಕಿದಂತಾಯಿತು. ನಮ್ಮ ದೇಶದಲ್ಲಿಯೂ ಹಣೆಗೆ ಅಂಟಿಸಿಕೊಳ್ಳುವ ಬಿಂದಿಯ ಗೋಂದಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲಿನಿಂದ ಹೆಂಗಸರ ಹಣೆಯಲ್ಲಿಯೂ, ರಬ್ಬರಿನ ಚಪ್ಪಲಿಗಳಿಂದ ಪಾದಗಳಲ್ಲಿಯೂ ಬಿಳಿಯ ಕಲೆಗಳಾಗುವುದನ್ನು ವೈದ್ಯರು ಕಂಡಿದ್ದಾರೆ. ೨೦೧೩ರಲ್ಲಿ ಜಪಾನಿನಲ್ಲಿ ಮುಖವನ್ನು ಬೆಳ್ಳಗೆ ಮಾಡಲೆಂದು ಮಾರುತ್ತಿದ್ದ ಲೇಪನಗಳಲ್ಲಿಯ ರೋಡೊಡೆಂಡ್ರಾಲ್ ಎಂಬ ದ್ರವ್ಯದಿಂದ ಸಾವಿರಾರು ಜನರಿಗೆ ಕಲೆಗಳಾಗಿ, ಆ ಲೇಪನಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಲಾಯಿತು. ಈ ದ್ರವ್ಯಗಳೆಲ್ಲವೂ ರಚನೆಯಲ್ಲಿ ಟೈರೋಸಿನನ್ನು ಹೋಲುವುವು. ಕೋಶವು ಮೋಸಹೋಗಿ ಅವುಗಳಿಂದ ಬಣ್ಣವನ್ನು ಮಾಡಲೆತ್ನಿಸುವಾಗ ವಿಷವು ಉತ್ಪನ್ನವಾಗುವುದು.

ಆದರೆ ಯಾವ ದ್ರವ್ಯವನ್ನೂ ಮುಟ್ಟದವರಲ್ಲಿಯೂ ಶ್ವಿತ್ರವು ಬರುವುದಷ್ಟೆ. ೧೯೫೯ರಲ್ಲಿ ಅಮೆರಿಕಾದ ಏರನ್ ಲರ್ನರನು, ವರ್ಣಕೋಶಗಳು ಭ್ರೂಣದಲ್ಲಿ ನರಗಳೊಡನೆಯೇ ಹುಟ್ಟಿಬರುವುದನ್ನೂ, ಕೆಲವರಲ್ಲಿ ಕಲೆಗಳು ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಹರಡುವುದನ್ನೂ ಪರ್ಯಾಲೋಚಿಸಿ, ನರಗಳ ತುದಿಯಿಂದ ಹೊರಡುವ ಯಾವುದೋ ಪದಾರ್ಥವು ಅವನ್ನು ಕೆಡಿಸುವುದೆಂದು ತರ್ಕಿಸಿದನು. ೧೯೭೧ರಲ್ಲಿ ಅವನೇ ಇನ್ನೊಂದು ಪಕ್ಷವನ್ನು ಮುಂದಿಟ್ಟನು: ಬಣ್ಣವನ್ನು ತಯಾರಿಸುವಾಗ ಹುಟ್ಟುವ ವಿಷಗಳಿಂದ ತನ್ನನ್ನು ರಕ್ಷಿಸಿಕೊಳ್ಳುವ ಶಕ್ತಿಯು ಕುಂದಿ ಕೋಶವು ತಾನೇ ನಾಶವಾಗುವುದು. ೧೯೯೧ರಲ್ಲಿ ಶಾಲ್ರಾಯ್ಟರ್ ಮತ್ತು ಸಂಗಡಿಗರು, ಶ್ವಿತ್ರರೋಗಿಗಳ ಹೊರಚರ್ಮದಲ್ಲಿ ಇಂಥ ವಿಷಗಳನ್ನು ಶಮನಮಾಡುವ ಕ್ಯಾಟಲೇಸ್ ಎಂಬ ಕಿಣ್ವವು ಕಡಿಮೆಯಾಗಿರುವುದನ್ನು ತೋರಿಸಿದ್ದರಿಂದ ಈ ಪಕ್ಷಕ್ಕೆ ಬಲ ಬಂದಿತು.

ಮೂರನೆಯ ಪಕ್ಷದ ಬೀಜವು ಇನ್ನೂ ಹಿಂದಿನದು. ಲಂಡನ್ನಿನ ವೈದ್ಯನಾದ ಥಾಮಸ್ ಅಡಿಸನ್ನನು ಮೂತ್ರಪಿಂಡಗಳ ಮೇಲಿನ ಗ್ರಂಥಿಗಳ ರೋಗವನ್ನು ಕುರಿತು ೧೮೫೫ರಲ್ಲಿ ಬರೆದ ಗ್ರಂಥದಲ್ಲಿ ಬಿಳಿಯ ಕಲೆಗಳಿದ್ದ ರೋಗಿಯ ವರ್ಣನೆಯು ಬಂದಿದೆ. ಗಂಟಲಿನ ಥೈರಾಯ್ಡ್ ಗ್ರಂಥಿಯ ರೋಗವೂ ಶ್ವಿತ್ರವುಳ್ಳವರಲ್ಲಿ ಇತರರಿಗಿಂತ ಹೆಚ್ಚು. ಈ ಗ್ರಂಥಿರೋಗಗಳಲ್ಲಿ ದೇಹದ ರಕ್ಷಕ ವ್ಯವಸ್ಥೆಯು ತನ್ನವರನ್ನೇ ಶತ್ರುಗಳೆಂದು ಭ್ರಮಿಸಿ ಹೊಡೆಯುವುದೆಂದು ಗೊತ್ತಾದ ಮೇಲೆ, ಶ್ವಿತ್ರದಲ್ಲಿಯೂ ಹಾಗೆಯೇ ಆಗಿರಬಹುದೇ ಎಂಬ ಶಂಕೆ ಹುಟ್ಟಿತು. ೧೯೮೩ರಲ್ಲಿ ರೋಗಿಗಳ ರಕ್ತದಲ್ಲಿ ವರ್ಣಕೋಶಗಳಿಗೆ ವಿರುದ್ಧವಾದ ಪ್ರತಿವಸ್ತುಗಳು ದೊರೆತವು. ೨೦೦೯ರಲ್ಲಿ ಹಾಲೆಂಡಿನ ಶೋಧಕರು ಕಲೆಯ ಅಂಚಿನಿಂದ ಬಿಳಿಯ ರಕ್ತಕಣಗಳನ್ನು ತೆಗೆದು, ಅದೇ ರೋಗಿಯ ಆರೋಗ್ಯವಾದ ಚರ್ಮದ ತುಂಡಿನೊಡನೆ ಇಟ್ಟು ನೋಡಿದಾಗ, ಅವು ಅದರಲ್ಲಿದ್ದ ವರ್ಣಕೋಶಗಳನ್ನು ಹುಡುಕಿ ಕೊಂದವು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ದುರ್ಲಭ. ಈ ರಕ್ಷಕಕಣಗಳು ಇಂಟರ್‌ಫೆರಾನ್ ಗ್ಯಾಮ ಎಂಬ ಸಂಕೇತದ್ರವ್ಯವನ್ನು ಬಿಡುವುವು. ಅದರಿಂದ ಪ್ರೇರಿತವಾದ ಚರ್ಮವು ಇನ್ನಷ್ಟು ರಕ್ಷಕಕಣಗಳನ್ನು ಕರೆಯುವುದು. ಈ ಸಂಕೇತವನ್ನು ನಡುದಾರಿಯಲ್ಲಿ ತಡೆಯುವ ರುಕ್ಸೊಲಿಟಿನಿಬ್ ಎಂಬ ಲೇಪನವು ೨೦೨೨ರಲ್ಲಿ ಅಮೆರಿಕಾದ ಸರ್ಕಾರದ ಅನುಮತಿಯನ್ನು ಪಡೆಯಿತು. ಅದನ್ನು ಹಚ್ಚಿದ ಅನೇಕರಲ್ಲಿ ಬಣ್ಣವು ಮರಳಿತೆಂಬುದು ಕಾರಣವನ್ನು ಸರಿಯಾಗಿ ಗುರುತಿಸಿದುದಕ್ಕೆ ಪ್ರಮಾಣವಾಗಿದೆ.

ಇನ್ನು ಕುಲದ ವಿಚಾರ. ಮನುವು ಭಯಪಟ್ಟಷ್ಟು ಪ್ರಬಲವಾಗಿ ಇದು ವಂಶಾನುಗತವೇ? ಒಂದೇ ಪಿಂಡದಿಂದ ಹುಟ್ಟಿ ಬೀಜಗುಣದಲ್ಲಿ ಅಭಿನ್ನರಾದ ಅವಳಿಗಳಲ್ಲಿ ಒಬ್ಬರಿಗೆ ಶ್ವಿತ್ರವಿದ್ದರೆ ಇನ್ನೊಬ್ಬರಿಗೂ ಇರುವುದು ನೂರರಲ್ಲಿ ೨೩ ಪ್ರಸಂಗಗಳಲ್ಲಿ ಮಾತ್ರವೆಂದೂ, ಸಾಮಾನ್ಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಆರರಲ್ಲಿ ಮಾತ್ರವೆಂದೂ ೨೦೦೩ರಲ್ಲಿ ಪ್ರಕಟವಾದ ಶೋಧನೆಯೊಂದು ತಿಳಿಸಿತು. ಎಂದರೆ ಬೀಜದಲ್ಲಿ ಒಲವು ಇರುವುದು ನಿಜ. ಆದರೆ ಅದೊಂದರಿಂದಲೇ ರೋಗವು ಬರುವುದಿಲ್ಲ. ಈ ಒಲವನ್ನು ಕೊಡುವ ಬೀಜಾಂಶಗಳಲ್ಲಿ ಬಹಳವು ರಕ್ಷಕ ವ್ಯವಸ್ಥೆಗೆ ಸೇರಿದವು; ಒಂದು ಟೈರೋಸಿನೇಸಿಗೆ ಸೇರಿದ್ದು. ವಿಚಿತ್ರವೆಂದರೆ, ಟೈರೋಸಿನೇಸಿನ ಯಾವ ಭೇದವು ಶ್ವಿತ್ರಕ್ಕೆ ಎಡೆಕೊಡುವುದೋ ಅದೇ ಭೇದವು ಮೆಲನೋಮವೆಂಬ ಚರ್ಮದ ಮಾರಕ ಅರ್ಬುದದ ಸಂಭವವನ್ನು ಕಡಿಮೆಮಾಡುವುದು. ವರ್ಣಕೋಶಗಳ ಮೇಲೆ ಸದಾ ಕಣ್ಣಿಟ್ಟಿರುವ ರಕ್ಷಕರು, ಅವು ದಾರಿತಪ್ಪಿ ಅರ್ಬುದವಾದಾಗಲೂ ಬೇಗನೆ ಎಚ್ಚರಗೊಳ್ಳುವರೆಂದು ಇದರಿಂದ ಊಹಿಸಬಹುದಾಗಿದೆ. ಪಾಪದ ಗುರುತೆಂದು ಜನರು ತಿಳಿದ ಒಲವಿಗೆ ರಕ್ಷಣೆಯ ಗುಣವೂ ಸೇರಿಕೊಂಡಿದೆ.

ಈ ಎಲ್ಲ ಪಕ್ಷಗಳನ್ನೂ ಕೂಡಿಸಿ ನೋಡಿದರೆ ಒಂದಕ್ಕೊಂದು ವಿರೋಧವಿಲ್ಲವೆಂದು ಕಾಣುವುದು. ಬೀಜದ ಒಲವುಳ್ಳವರಲ್ಲಿ ಗಾಯ, ತಿಕ್ಕಾಟ, ಸುಟ್ಟಗಾಯ, ರಸಾಯನದ್ರವ್ಯ ಇವುಗಳಲ್ಲಿ ಯಾವುದಾದರೊಂದರಿಂದ ವರ್ಣಕೋಶವು ಪೀಡಿತವಾಗುವುದು. ಪೀಡಿತವಾದ ಕೋಶವು ಹೊರಗೆಡಹುವ ಚಿಹ್ನೆಗಳಿಂದ ರಕ್ಷಕಕಣಗಳು ಕೆರಳುವುವು. ಕೆರಳಿದವು ಆರೋಗ್ಯವಾದ ಕೋಶಗಳನ್ನೂ ಬಿಡದೆ ಕೊಲ್ಲುವುವು. ಒಂದೇ ಪಾರ್ಶ್ವದ ಶ್ವಿತ್ರದಲ್ಲಿ ಆ ಭಾಗದ ಕೋಶಗಳೇ ಹುಟ್ಟಿನಿಂದ ಭಿನ್ನವಾಗಿರಬಹುದೆಂದು ಈಗಿನ ವಿದ್ವಾಂಸರು ಭಾವಿಸುವರು.

ವಾಗ್ಭಟನ ವಾಕ್ಯದ ಬೆಲೆಯು ಈಗ ತಿಳಿಯುವುದು. ಚರ್ಮದ ಮೇಲ್ಪದರದ ವರ್ಣಕೋಶಗಳು ನಾಶವಾದರೂ ರೋಮಕೂಪದ ಆಳದಲ್ಲಿ ಅವುಗಳ ಬೀಜಕೋಶಗಳು ಉಳಿದಿರುವುವು. ಚಿಕಿತ್ಸೆಯಿಂದ ಬಣ್ಣವು ಮರಳುವಾಗ ರೋಮದ ಬುಡದ ಸುತ್ತ ಚುಕ್ಕೆಚುಕ್ಕೆಯಾಗಿ ಮರಳುವುದು ಇದರಿಂದಲೇ. ರೋಮವೂ ಬೆಳ್ಳಗಾದರೆ ಈ ಭಂಡಾರವು ಬರಿದಾಯಿತೆಂದು ಅರ್ಥ. ತುಟಿಯಲ್ಲಿಯೂ ಅಂಗೈಯಲ್ಲಿಯೂ ರೋಮಕೂಪವೇ ಇಲ್ಲ. ಕಾರಣವನ್ನು ಅರಿಯದೆಯೂ ಆ ಆಚಾರ್ಯನು ಕಂಡುದನ್ನು ಕಂಡಂತೆ ಬರೆದಿಟ್ಟನು. ಔಷಧದ ವಿಷಯದಲ್ಲಿಯೂ ಹಾಗೆಯೇ. ಔಷಧವನ್ನು ಕುಡಿದು ಶಕ್ತಿಯಿದ್ದಷ್ಟು ಬಿಸಿಲನ್ನು ಸೇವಿಸಬೇಕೆಂದು ಚರಕನು ವಿಧಿಸಿದನು. ಬಾಕುಚಿ ಅಥವಾ ಬಾವಂಚಿ ಬೀಜವು ಈ ರೋಗಕ್ಕೆ ನಮ್ಮಲ್ಲಿ ಪ್ರಸಿದ್ಧವಾಯಿತು. ಉತ್ತರ ಆಫ್ರಿಕದಲ್ಲಿ ಅಮ್ಮಿ ಎಂಬ ಗಿಡದ ಬೀಜವನ್ನು ಇದೇ ಬಗೆಯಲ್ಲಿ ಕೊಡುತ್ತಿದ್ದುದನ್ನು ೧೩ನೆಯ ಶತಮಾನದ ಇಬ್ನ್ ಅಲ್ ಬೈತಾರನು ಬರೆದಿದ್ದಾನೆ. ಎರಡರಲ್ಲಿಯೂ ಇರುವುದು ಸೊರಾಲೆನ್ ಜಾತಿಯ ದ್ರವ್ಯ. ಬಿಸಿಲು ಬಿದ್ದಾಗ ಮಾತ್ರ ಅದು ಕೆಲಸಮಾಡುವುದು. ಕೈರೋವಿನಲ್ಲಿ ಫಾಹ್ಮಿ ಮತ್ತು ಸಂಗಡಿಗರು ೧೯೪೭ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಎಲ್ ಮೊಫ್ತಿಯು ೧೯೪೮ರಲ್ಲಿ ಅದರಿಂದ ಶ್ವಿತ್ರಕ್ಕೆ ಚಿಕಿತ್ಸೆ ಮಾಡಿದುದನ್ನು ಪ್ರಕಟಿಸಿದನು. ೧೯೯೭ರಿಂದ ಔಷಧವಿಲ್ಲದೆ ೩೧೧ ನ್ಯಾನೋಮೀಟರ್ ಕಿರಣವೊಂದರಿಂದಲೇ ಚಿಕಿತ್ಸೆಮಾಡುವ ಪದ್ಧತಿಯೂ ರೂಢಿಗೆ ಬಂದಿತು. ಬಾವಂಚಿಯು ಅಳತೆತಪ್ಪಿದರೆ ಚರ್ಮವು ಬೆಂದು ಬೊಬ್ಬೆ ಏಳುವುದಾದ್ದರಿಂದ, ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ.

ಇಷ್ಟರಿಂದ ಕೆಲವು ಸಂಗತಿಗಳು ನಿರ್ಧಾರವಾಗುವುವು. ಶ್ವಿತ್ರವು ಕುಷ್ಠವಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟದು. ಮೀನುಹಾಲುಗಳಿಂದ ಬರುವುದೆಂಬುದಕ್ಕೆ ಸಾಕ್ಷ್ಯವಿಲ್ಲ. ಬಟ್ಟೆಯನ್ನು ಕದ್ದವರೂ ಕದಿಯದವರೂ ಈ ರೋಗಕ್ಕೆ ಸಮಾನರು. ಮಾತು ಬಾರದ ಹಸುಳೆಗೂ ಇದು ಬರುವುದು. ಮನೆಯೊಳಗೆ ಜಾಗರೂಕತೆಯಿಂದ ನೋಡಬೇಕಾದುದು ಹಣೆಯ ಬಿಂದಿಯ ಗೋಂದನ್ನು, ಕಾಲಿನ ರಬ್ಬರನ್ನು, ಮುಖವನ್ನು ಬೆಳ್ಳಗೆ ಮಾಡುವೆವೆಂದು ಮಾರಾಟಕ್ಕೆ ಬರುವ ಲೇಪನಗಳನ್ನು; ಕಲೆಯು ಕಾಣಿಸಿದೊಡನೆ ಬಚ್ಚಿಡದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಹೊಸದಾದುದು ಹಳೆಯದಕ್ಕಿಂತ ಸುಲಭವಾಗಿ ವಶವಾಗುವುದು. ಶಾಸ್ತ್ರಗಳಲ್ಲಿ ಶ್ರದ್ಧೆಯುಳ್ಳ ಗೃಹಸ್ಥರು ಆಚಾರ್ಯರ ಪ್ರತ್ಯಕ್ಷದರ್ಶನವನ್ನು ಗೌರವಿಸಿ, ಕಾರಣವು ತಿಳಿಯದಿದ್ದ ಕಾಲದಲ್ಲಿ ಅವರು ಆಡಿದ ಪಾಪದ ಮಾತನ್ನು ಬಿಡುವುದರಿಂದ ಆ ಶ್ರದ್ಧೆಗೆ ಯಾವ ಲೋಪವೂ ಬರುವುದಿಲ್ಲ. ವರನನ್ನೋ ವಧುವನ್ನೋ ನೋಡಲು ಹೋದವರು ಒಂದು ಬಿಳಿಯ ಕಲೆಯನ್ನು ಕಂಡು ಎದ್ದುಬರುವ ಮೊದಲು ಇಷ್ಟನ್ನಾದರೂ ನೆನೆದುಕೊಂಡರೆ, ನಮ್ಮ ಎಷ್ಟೋ ಮನೆಗಳಲ್ಲಿ ತಂದೆತಾಯಿಗಳ ಕಣ್ಣೀರು ತಪ್ಪುವುದು.